ದೊಡ್ಡಪ್ಪನ ಮೀಸೆ, ಲೆನ್ಸಿನ ಕೆಂಪು ಚುಕ್ಕೆ

ಹಳೇ ಮ್ಯಾನುವಲ್ ಲೆನ್ಸ್ ಇಟ್ಕೊಂಡಿರೋರು ಫೋಕಸ್ ಗೆರೆಯ ಪಕ್ಕ ಒಮ್ಮೆ ನೋಡಿ. ಬಹಳಷ್ಟು ಲೆನ್ಸುಗಳಲ್ಲಿ ಅಲ್ಲೊಂದು ಕೆಂಪು ಚುಕ್ಕೆ ಇರತ್ತೆ. ನನ್ನ 85 ಎಂಎಂ ನಿಕ್ಕಾರ್‌ನಲ್ಲೂ ಇದೆ. ಇನ್‌ಫ್ರಾರೆಡ್, ಅಂದ್ರೆ ಕೆಂಪಿನಾಚೆಯ ಕಣ್ಣಿಗೆ ಕಾಣದ ಬೆಳಕನ್ನ ಹಿಡಿಯೋ ಫಿಲ್ಮ್ ಹಾಕೋವರೆಗೆ ಅದರ ಗೊಡವೆ ಯಾರಿಗೂ ಬೇಡ.

ಇನ್‌ಫ್ರಾರೆಡ್ ಕಿರಣ ಗಾಜಿನಲ್ಲಿ ಕಮ್ಮಿ ಬಾಗತ್ತೆ, ಹಾಗಾಗಿ ಕಣ್ಣಿಗೆ ಕಾಣೋ ಬೆಳಕಿಗಿಂತ ತುಸು ಹಿಂದೆ ಹೋಗಿ ಕೂಡತ್ತೆ. ಅದಕ್ಕೇ ಲೆನ್ಸನ್ನ ಒಂದಿಷ್ಟು ಮುಂದಕ್ಕೆ ತರಬೇಕು, ಎಷ್ಟು ಅಂತ ತೋರಿಸೋದೇ ಆ ಚುಕ್ಕೆ. ಗದ್ದೆ, ಮರ ತೆಗೆಯೋರು ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್/11ಕ್ಕೆ ಇಟ್ಟು, ಹತ್ತಿರದ್ದು ದೂರದ್ದು ಎರಡೂ ನಿಚ್ಚಳ ಬರೋದ್ರಿಂದ ಪಾರಾಗಿಬಿಡ್ತಾರೆ. ಮುಖದ ಮುಂದೆ ಆ ಆಟ ನಡೆಯಲ್ಲ. 2 ಮೀಟರ್ ದೂರದಲ್ಲಿ ಕಿಂಡಿ ಅಗಲಿಸಿ ಎಫ್/4ಕ್ಕೆ ಇಟ್ರೆ ನಿಚ್ಚಳವಾಗಿ ಸಿಗೋದು ಹೆಚ್ಚುಕಮ್ಮಿ 13 ಸೆಂಟಿಮೀಟರ್, ಅಷ್ಟೇ.

ಮಂಡ್ಯದ ನಮ್ಮೂರಲ್ಲಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಕಬ್ಬಿನ ಗದ್ದೆ ಬದುವಿನ ಮೇಲೆ ದೊಡ್ಡಪ್ಪನ್ನ ಕೂರಿಸಿದ್ದೆ. ರೋಲೈ ಇನ್‌ಫ್ರಾರೆಡ್ 400 ಫಿಲ್ಮು, ಹೋಯಾ ಆರ್72 ಫಿಲ್ಟರು. ಈ ಫಿಲ್ಟರ್ ಕಣ್ಣಿಗೆ ಕಾಣೋ ಬೆಳಕನ್ನ ಬಹುತೇಕ ತಡೆಯತ್ತೆ, ಹಾಕಿದ್ರೆ ವ್ಯೂಫೈಂಡರಲ್ಲಿ ಕತ್ತಲೆ. ಅದಕ್ಕೆ ಮೊದಲು ಟ್ರೈಪಾಡ್ ಮೇಲಿಟ್ಟು ಬರಿ ಲೆನ್ಸಲ್ಲಿ ರೆಪ್ಪೆಗೂದಲಿಗೆ ಫೋಕಸ್ ಮಾಡ್ಬೇಕು. ಆಮೇಲೆ ಗೆರೆ ಎದುರಿಗಿರೋ ದೂರವನ್ನ ಚುಕ್ಕೆ ಕಡೆಗೆ ತಿರುಗಿಸಿ, ಎಡಗೈಲಿ ರಿಂಗ್ ಅಲುಗದಂಗೆ ಹಿಡಿದು ಫಿಲ್ಟರ್ ಸುತ್ತಬೇಕು. ಅಷ್ಟರಲ್ಲಿ ದೊಡ್ಡಪ್ಪ, "ಎಷ್ಟೊತ್ಲಾ ಹಿಂಗೇ ಕೂರದು? ನಾಲೆಗೆ ನೀರ್ ಬಿಟ್ಟವ್ರೆ!"

ಚುಕ್ಕೆವರೆಗೂ ಪೂರ್ತಿ ತಿರುಗಿಸಬೇಕಾ? ಈಗ ತಯಾರಾಗದ ಕೊಡ್ಯಾಕ್ ಎಚ್‌ಐಇ ಫಿಲ್ಮು 900 ನ್ಯಾನೋಮೀಟರ್ ಉದ್ದದ ಬೆಳಕಿನ ಅಲೆವರೆಗೂ ಹಿಡೀತಿತ್ತು. ರೋಲೈ ಓಟ 820ಕ್ಕೇ ಮುಗಿಯತ್ತೆ, ಅಲೆ ಗಿಡ್ಡ ಆದಷ್ಟೂ ಫೋಕಸ್ ವ್ಯತ್ಯಾಸ ಕಮ್ಮಿ. ಅದಕ್ಕೇ ನಾನು ಚುಕ್ಕೆ ಮುಟ್ಟೋ ಮುಂಚೆಯೇ ನಿಲ್ಲಿಸ್ತೀನಿ.

ಸರಿಯಾಯ್ತಾ ಅಂತ ಕೆನ್ನೆ ನೋಡಿ ತೀರ್ಮಾನ ಮಾಡೋಕೆ ಹೋಗಬೇಡಿ. ಈ ಕಿರಣ ಚರ್ಮದೊಳಗೆ ಹೊಕ್ಕು ಚದುರಿ ಬರತ್ತೆ. ಫೋಕಸ್ ಎಷ್ಟೇ ಕರಾರುವಾಕ್ಕಾಗಿದ್ರೂ ಕೆನ್ನೆ ಮೇಣದ ಗೊಂಬೆ ಥರಾನೇ ಕಾಣೋದು. ನೆಗೆಟಿವ್ ಮೇಲೆ ಭೂತಗನ್ನಡಿ ಇಟ್ಟು ಕೂದಲು ಹುಡುಕಿ. ಮೀಸೆ ಎಳೆಎಳೆಯಾಗಿ ಬಂದು ರೆಪ್ಪೆ ಮಂಕಾಗಿದ್ರೆ ತಿರುಗಿಸಿದ್ದು ಜಾಸ್ತಿ ಆಯ್ತು. ಕಿವಿ ಚೂಪಾಗಿ ರೆಪ್ಪೆ ಮಂಕಾಗಿದ್ರೆ ತಿರುಗಿಸಿದ್ದು ಸಾಲದು. ಮೀಸೆ ಇಲ್ಲದವರಿಗೆ ಮೂಗಿನ ತುದಿ ನೋಡ್ಬೇಕಾಗತ್ತೆ, ಅಲ್ಲಿ ಹಿಡಿದು ನೋಡೋಕೆ ಏನೂ ಸಿಗಲ್ಲ. ಈ ವಿಷಯದಲ್ಲಿ ಮಂಡ್ಯದ ಗಂಡಸರು ಭಾರಿ ಅನುಕೂಲ.

ಪ್ರಿಂಟಲ್ಲಿ ರೆಪ್ಪೆ ಸೂಜಿಮೊನೆಯಂಗೆ ಬಂದಿದೆ. ದೊಡ್ಡಪ್ಪ ನೋಡಿದ್ದು ಮಾತ್ರ ಹಿಂದೆ ಇನ್‌ಫ್ರಾರೆಡ್‌ನಿಂದ ಬೆಳ್ಳಗಾಗಿದ್ದ ಕಬ್ಬಿನ ಗರಿಗಳನ್ನ. "ಕಬ್ಗೆ ರೋಗ ಬಂದಂಗದಲ್ಲೋ!" ಅವತ್ತು ರಿಂಗ್ ನಿಲ್ಲಿಸಿದ ಜಾಗಕ್ಕೆ ಸರಿಯಾಗಿ ಲೆನ್ಸ್ ಮೇಲೆ ಒಂದು ಚೂರು ಬಿಳಿ ಟೇಪ್ ಅಂಟಿಸಿದೀನಿ. ಮುಂದಿನ ರೋಲು ದೊಡ್ಡಮ್ಮನದು, ಅವರಿಗೆ ಹುಬ್ಬೇ ಗತಿ.