ಅಕ್ಕನ ಮನೆ ಮಾಲ್ಮೋದಲ್ಲಿ

ಕೋಪನ್‌ಹೇಗನ್ ಏರ್‌ಪೋರ್ಟಿಂದ ಸ್ವೀಡನ್ನಿನ ಮಾಲ್ಮೋಗೆ ಹೋಗೋ ಟ್ರೈನು ಹತ್ತಿದ್ರೆ ಮೊದ್ಲು ಸುರಂಗ, ಆಮೇಲೆ ಸಮುದ್ರದ ಮಧ್ಯೆ ಮನುಷ್ಯರೇ ಕಟ್ಟಿದ ಒಂದು ದ್ವೀಪ, ಅಲ್ಲಿಂದ ಸುಮಾರು 8 ಕಿಲೋಮೀಟರ್ ಸೇತುವೆ. 2000ದಲ್ಲಿ ಓಪನ್ ಆಗಿದ್ದು ಇದು, ಓರೆಸುಂಡ್ ಸೇತುವೆ ಅಂತಾರೆ. ಕಿಟಕಿಗೆ ಹಣೆ ಒತ್ಕೊಂಡು ನೀರು ನೋಡ್ತಾ ಇದ್ದೆ, ಸ್ವೀಡನ್ ಕಡೆ ಮೊದಲ ಸ್ಟೇಷನ್ ಹಿಲ್ಲೀ ಬಂದಾಗ ಪೊಲೀಸ್ರು ಹತ್ತಿ ಒಬ್ಬೊಬ್ಬರದೇ ಪಾಸ್‌ಪೋರ್ಟ್ ನೋಡೋಕೆ ಶುರು ಮಾಡಿದ್ರು. ಈ ಚೆಕಿಂಗ್ ಬಂದಿದ್ದು 2015ರ ನವೆಂಬರ್‌ನಲ್ಲಿ. ಆ ಒಂದೇ ವರ್ಷ ಸ್ವೀಡನ್‌ನಲ್ಲಿ ಆಶ್ರಯ ಕೇಳಿ ಅರ್ಜಿ ಹಾಕಿದೋರು 1.63 ಲಕ್ಷ ಜನ, ಇಡೀ ದೇಶದ ಜನಸಂಖ್ಯೆನೇ ಆಗ 1 ಕೋಟಿ ಮುಟ್ಟಿರ್ಲಿಲ್ಲ. ಸಿರಿಯಾದಿಂದ, ಅಫ್ಘಾನಿಸ್ತಾನದಿಂದ, ಇರಾಕಿಂದ ಮಕ್ಕಳನ್ನ ಸೊಂಟಕ್ಕೆ ಏರಿಸ್ಕೊಂಡು ಎಷ್ಟೋ ಜನ ಇದೇ ಸೇತುವೆ ಮೇಲೆ ಇದೇ ಟ್ರೈನಲ್ಲಿ ಬಂದಿದ್ರು.

ನಾನು ಹೋಗಿದ್ದು 2024ರ ಮೇ ಕೊನೇಲಿ, ಅಕ್ಕನ ಮನೆಗೆ. ಭಾವ ಪಕ್ಕದ ಲುಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಎಂಟು ವರ್ಷದಿಂದ ಅಲ್ಲೇ ಇದ್ದಾರೆ. ಭದ್ರಾವತಿಯಿಂದ ಹೊರಡೋ ಹಿಂದಿನ ದಿನ ನೆಂಟರ ವಾಟ್ಸ್ಯಾಪ್ ಗ್ರೂಪಲ್ಲಿ ಸಾಲಾಗಿ ವಿಡಿಯೋ ಬಂದ್ವು, ಉರಿತಾ ಇರೋ ಕಾರುಗಳು, ಕಲ್ಲು ತೂರೋ ಹುಡುಗ್ರು, ಮಾಲ್ಮೋಗೆ ಪೊಲೀಸ್ರೇ ಕಾಲಿಡಲ್ಲ ಹುಷಾರಪ್ಪ ಅಂತ ಚಿಕ್ಕಪ್ಪನ ವಾಯ್ಸ್ ಮೆಸೇಜು. ಅಮ್ಮ ರಾತ್ರಿಯೆಲ್ಲಾ ಮಲಗ್ಲಿಲ್ಲ. ನನಗೂ ಭಯ ಇತ್ತು, ಸುಳ್ಳು ಯಾಕೆ ಹೇಳ್ಲಿ.

ಮಾಲ್ಮೋ ನೋಡಿದ್ರೆ ಸಣ್ಣ ಊರು, ಮೂರೂವರೆ ಲಕ್ಷದ ಮೇಲೆ ಜನ, ಎಲ್ಲರ ಹತ್ರಾನೂ ಸೈಕಲ್, ಊರು ದಾಟಿದ್ರೆ ಸಾಸಿವೆ ಹೂವಿನ ಥರ ಹಳದಿ ಹೊಲಗಳು. ಬಂದರಿನ ಕಡೆ 190 ಮೀಟರ್ ಎತ್ತರದ ಟರ್ನಿಂಗ್ ಟಾರ್ಸೊ ಅನ್ನೋ ತಿರುಚಿದ ಬಿಲ್ಡಿಂಗ್ ಇದೆ, ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗಿಸ್ಕೋತಾರೆ, ನಾನೂ ತೆಗಿಸ್ಕೊಂಡೆ. ಆದ್ರೆ ಭಾವ ಅಲ್ಲೇ ನಿಂತು ಹೇಳಿದ ಕಥೆ ಫೋಟೋಗಿಂತ ಜಾಸ್ತಿ ನೆನಪಲ್ಲಿ ಉಳಿದಿದೆ. ಅಲ್ಲಿ ಹಿಂದೆ ಕೋಕುಮ್ಸ್ ಅನ್ನೋ ಹಡಗು ಕಟ್ಟೋ ಕಾರ್ಖಾನೆ ಇತ್ತು, ಒಂದು ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡದರಲ್ಲಿ ಒಂದು, ಕೆಲಸಕ್ಕೆ ಜನ ಸಾಲ್ದೆ ಯುಗೋಸ್ಲಾವಿಯಾದಿಂದೆಲ್ಲ ಕರೆಸ್ಕೊಂಡಿದ್ರು. ಎಂಬತ್ತರ ದಶಕದಲ್ಲಿ ಹಡಗಿನ ಕೆಲಸ ನಿಂತೋಯ್ತು. ಊರಿಗೆಲ್ಲಾ ಕಾಣ್ತಿದ್ದ ಅದರ 138 ಮೀಟರ್ ಎತ್ತರದ ಕ್ರೇನನ್ನ ಕೊರಿಯಾದ ಹ್ಯುಂಡೈನೋರು ಬರೀ 1 ಡಾಲರ್‌ಗೆ ತಗೊಂಡು 2002ರಲ್ಲಿ ಬಿಚ್ಚಿ ಸಾಗಿಸಿದ್ರು, ಆವತ್ತು ಊರ ಜನ ದಡದಲ್ಲಿ ನಿಂತು ಅತ್ತರಂತೆ. ಭದ್ರಾವತಿಯವನಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ನಮ್ಮೂರಿನ ಎಂಪಿಎಂ ಕಾಗದ ಕಾರ್ಖಾನೆ ಸೈರನ್ ನಿಂತಾಗ ನಮ್ಮ ಬೀದಿ ಹೇಗಿತ್ತು ಅಂತ ನಾನು ನೋಡಿದೀನಿ. ಮಾಲ್ಮೋದಲ್ಲಿ ಕೆಲಸ ಹೋಯ್ತು, ಆದ್ರೆ ಯುದ್ಧ ತಪ್ಪಿಸ್ಕೊಂಡು ಬರೋ ಜನ ಬರ್ತಾನೇ ಇದ್ರು, ಬೋಸ್ನಿಯಾ ಆದ್ಮೇಲೆ ಇರಾಕು, ಇರಾಕ್ ಆದ್ಮೇಲೆ ಸಿರಿಯಾ. ಬಂದೋರಿಗೆ ಮನೆ ಸಿಕ್ತು, ದುಡಿಮೆ ಸಿಗ್ಲಿಲ್ಲ.

ಆ ಮನೆಗಳು ಇರೋದು ಊರಿನ ಒಂದು ಬಡಾವಣೆ, ರೋಸೆನ್‌ಗೋರ್ಡ್‌ನಲ್ಲಿ. ವಿಡಿಯೋಗಳಲ್ಲಿ ಬರೋ ಜಾಗ ಅದೇ. ಅಳಿಯನಿಗೆ ಹನ್ನೆರಡು ವರ್ಷ, ಅವನ ಫುಟ್ಬಾಲ್ ಫ್ರೆಂಡ್ ಮನೆ ಅಲ್ಲಿದೆ, ಭಾನುವಾರ ಊಟಕ್ಕೆ ಕರೆದಿದ್ರು. "ಮಾಮ, ನೀನೂ ಬಾ" ಅಂದ. ನಾನು ಅಕ್ಕನ ಮುಖ ನೋಡಿದೆ. "ಹೋಗೋ, ನಾನು ವಾರಕ್ಕೆರಡು ಸಲ ಹೋಗ್ತೀನಿ" ಅಂದ್ಳು.

ಟ್ರೈನಲ್ಲೇ ಹೋದ್ವಿ. ಸ್ವೀಡನ್ ಸರ್ಕಾರ 1965ರಿಂದ 74ರೊಳಗೆ 10 ಲಕ್ಷ ಮನೆ ಕಟ್ಟೋ ಯೋಜನೆ ಮಾಡಿತ್ತಲ್ಲ, ರೋಸೆನ್‌ಗೋರ್ಡ್ ಆವಾಗಿಂದು, ಆದ್ರೆ ಅಲ್ಲಿಗೆ ಈ ಸ್ಟೇಷನ್ ಬಂದಿದ್ದು 2018ರ ಡಿಸೆಂಬರ್‌ನಲ್ಲಿ. ಹತ್ರತ್ರ ಐವತ್ತು ವರ್ಷ ಆ ಜನ ಅಗಲ ರಸ್ತೆಗಳ ಆಚೆ ಬೇರೆ ಊರಿನೋರ ಥರಾನೇ ಇದ್ರು. ಒಂದೇ ಥರದ ಉದ್ದ ಉದ್ದ ಬಿಲ್ಡಿಂಗು, ಬಾಲ್ಕನಿ ತುಂಬಾ ಒಣಗಾಕಿದ ಕಂಬಳಿ, ಮಧ್ಯೆ ಹುಲ್ಲು, ಮರ, ಜೋಕಾಲಿ. ಫುಟ್ಬಾಲ್ ಆಡ್ತಿದ್ದ ಜ್ಲಾಟಾನ್ ಇಬ್ರಾಹಿಮೊವಿಚ್ ಬೆಳೆದಿದ್ದು ಇಲ್ಲೇ, ಅವನ ಹೆಸರಲ್ಲೇ ಒಂದು ಚಿಕ್ಕ ಗ್ರೌಂಡ್ ಇದೆ, ಅಳಿಯ ನನ್ನನ್ನ ಮೊದಲು ಎಳ್ಕೊಂಡು ಹೋಗಿದ್ದು ಅಲ್ಲಿಗೆ. ಸಂಜೆ ಬಿಸಿಲಲ್ಲಿ ಹತ್ತಿಪ್ಪತ್ತು ಮಕ್ಕಳು ಆಡ್ತಿದ್ರು, ಬೈದಾಡೋದೆಲ್ಲಾ ಸ್ವೀಡಿಷ್‌ನಲ್ಲೇ.

ಆ ಮನೆ ಬಿಲ್ಡಿಂಗಿನ ಮುಂಬಾಗಿಲಿಗೆ ಗಾಜು ಇರ್ಲಿಲ್ಲ, ಪ್ಲೈವುಡ್ ಹೊಡೆದಿತ್ತು. ಪಕ್ಕದ ಗೋಡೆ ಮೇಲೆ ಕಪ್ಪು ಮಸಿ. ಮಾರ್ಚಲ್ಲಿ ಯಾರೋ ಬಾಂಬ್ ಇಟ್ಟಿದ್ರಂತೆ, ಮೂರನೇ ಮಹಡಿ ಮನೆ ಹುಡುಗನ ಮೇಲಿನ ದ್ವೇಷಕ್ಕೆ. ಆ ಮೆಟ್ಟಿಲ ಕೆಳಗೆ ಎರಡು ಸ್ಟ್ರಾಲರ್, ಮಕ್ಕಳ ಮೂರ್ಗಾಲಿ ಸೈಕಲ್ ನಿಲ್ಲಿಸಿದ್ರು. ನಾನು ಆ ಪ್ಲೈವುಡ್ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಅಳಿಯನ ಫ್ರೆಂಡಿನ ಅಪ್ಪ ಇರಾಕಿನ ಬಸ್ರಾದೋರು, 2007ರಲ್ಲಿ ಬಂದಿದ್ದು, ಸಿಟಿ ಬಸ್ ಓಡಿಸ್ತಾರೆ. ಅಲ್ಲಿ ಅವರು ಎಂಜಿನಿಯರ್ ಆಗಿದ್ರು. ಅನ್ನ, ಬದನೆಕಾಯಿ, ಕುರಿ ಮಾಂಸ, ನನಗೆ ಅಂತ ಬೇರೆ ಪಾತ್ರೆಯಲ್ಲಿ ಬೇಳೆ ಸಾರು. ಮಕ್ಕಳು ಆಡೋಕೆ ಹೋದ್ಮೇಲೆ ಅವರು ಇಂಗ್ಲಿಷಲ್ಲಿ ನಿಧಾನಕ್ಕೆ ಹೇಳೋಕೆ ಶುರು ಮಾಡಿದ್ರು: ಇಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಜೈಲಿಲ್ಲ, ಅದಕ್ಕೇ ಗ್ಯಾಂಗಿನೋರು 13, 14ರ ಹುಡುಗ್ರನ್ನ ಹಿಡೀತಾರೆ, ಮೊದಲು ಶೂ ಕೊಡಿಸ್ತಾರೆ, ಆಮೇಲೆ ಒಂದು ಬ್ಯಾಗ್ ಇಟ್ಕೊ ಅಂತಾರೆ, ಆ ಬ್ಯಾಗ್ ಕಳೆದೋದ್ರೆ ಸಾಲ, ಸಾಲ ತೀರಿಸೋಕೆ ಗನ್ನು. ಕೊಲೆ ಮಾಡೋದಕ್ಕೆ ಚಾಟಲ್ಲಿ 'ಕೆಲಸ' ಅಂತ ಬರೀತಾರೆ, ಕೆಲಸ ಕೊಡೋನು ಯಾವುದೋ ದೇಶದಲ್ಲಿ ಕೂತಿರ್ತಾನೆ. "ಬ್ರದರ್, ನಾನು ದಿನಾ ರಾತ್ರಿ ಮಗನ ಫೋನ್ ನೋಡ್ತೀನಿ. ಅವನು ಮಲಗಿದ್ಮೇಲೆ ಶೂ ಕೂಡ ನೋಡ್ತೀನಿ, ನಾನು ಕೊಡಿಸಿದ್ದೇನಾ ಅಂತ."

ಈ ಮಾತು ನನ್ನ ಎದೇಲಿ ಕೂತ್ಬಿಟ್ಟಿದೆ. 2023ರಲ್ಲಿ ಸ್ವೀಡನ್‌ನಲ್ಲಿ ಗುಂಡೇಟಿಗೆ ಸತ್ತೋರು 53 ಜನ, ಇಷ್ಟು ಚಿಕ್ಕ ದೇಶಕ್ಕೆ ಅದು ಸಣ್ಣ ಲೆಕ್ಕ ಅಲ್ಲ. ಅಪರಾಧ ಇಲ್ಲ, ಎಲ್ಲ ಅಪಪ್ರಚಾರ ಅನ್ನೋರ ಮಾತು ನಾನು ಒಪ್ಪಲ್ಲ. ಸ್ವೀಡನ್ನಿನ ಅಪರಾಧ ತಡೆ ಮಂಡಳಿ 2021ರಲ್ಲಿ ಲೆಕ್ಕ ಕೊಟ್ಟಿದೆ, ಹೊರದೇಶದಲ್ಲಿ ಹುಟ್ಟಿದೋರು ಅಪರಾಧದ ಅನುಮಾನಕ್ಕೆ ಸಿಗೋದು ಸ್ಥಳೀಯರ ಎರಡೂವರೆ ಪಟ್ಟು, ವಲಸೆ ಬಂದೋರಿಗೆ ಅಲ್ಲೇ ಹುಟ್ಟಿದ ಮಕ್ಕಳದು ಮೂರು ಪಟ್ಟಿಗೂ ಜಾಸ್ತಿ. ವಯಸ್ಸು, ಆದಾಯ ಎಲ್ಲ ಹೊಂದಿಸಿ ನೋಡಿದ್ರೂ ವ್ಯತ್ಯಾಸ ಕಮ್ಮಿ ಆಗುತ್ತೆ, ಹೋಗಲ್ಲ. ಅದೇ ವರದಿಯಲ್ಲಿ ಇನ್ನೊಂದೂ ಇದೆ, ಹೊರಗೆ ಹುಟ್ಟಿದ ನೂರು ಜನರಲ್ಲಿ ತೊಂಬತ್ತೆರಡು ಜನ ಯಾವ ಅನುಮಾನಕ್ಕೂ ಸಿಕ್ಕೋರಲ್ಲ. ಅವರಲ್ಲೊಬ್ರು ನನ್ನ ಎದುರು ಕೂತು ಚಹಾಕ್ಕೆ ಸಕ್ಕರೆ ಕಲಸ್ತಾ ಇದ್ರು. ಆ ಬಾಂಬಿಗೆ ಎಲ್ಲರಿಗಿಂತ ಹತ್ರ ಮಲಗೋರು ಅವರೇ, ನಮ್ಮ ಚಿಕ್ಕಪ್ಪ ಅಲ್ಲ.

ಮಾಲ್ಮೋ ಸುಮ್ಮನೆ ಕೂತಿಲ್ಲ ಅನ್ನೋದನ್ನೂ ಹೇಳ್ಬೇಕು. 2018ರಿಂದ ಅಲ್ಲಿ 'ಸ್ಲೂತಾ ಶ್ಯೂಟ್', ಅಂದ್ರೆ ಗುಂಡು ಹೊಡೆಯೋದು ನಿಲ್ಲಿಸಿ, ಅಂತ ಒಂದು ಕಾರ್ಯಕ್ರಮ ನಡೀತಿದೆ, ಬೋಸ್ಟನ್ನಿನಲ್ಲಿ ಮೊದಲು ಮಾಡಿದ್ದು. ಪೊಲೀಸು, ಜೈಲಿನೋರು, ನಗರಸಭೆ ಒಟ್ಟಿಗೆ ಕೂತು ಗ್ಯಾಂಗಿನ ಹುಡುಗ್ರನ್ನ ಕರೆಸಿ ನೇರವಾಗಿ ಹೇಳ್ತಾರೆ, ನೀನು ಬದುಕ್ಬೇಕು ಅಂತ ನಮಗಾಸೆ, ಹೊರಗೆ ಬಾ ಮನೆ ಕೆಲಸಕ್ಕೆ ನಾವಿದೀವಿ, ಗುಂಡು ಹಾರಿದ್ರೆ ಮಾತ್ರ ನಿನ್ನ ಇಡೀ ಗುಂಪಿನ ಹಿಂದೆ ಬೀಳ್ತೀವಿ. ಮೊದಲಿಗಿಂತ ಶೂಟಿಂಗ್ ತುಂಬಾ ಕಮ್ಮಿ ಆಗಿದೆ ಅಂತ ಅಕ್ಕನೂ ಹೇಳ್ತಾಳೆ.

ಇನ್ನು ಭಾವನ ಆಫೀಸಿನ ಸುದ್ದಿ. ವರ್ಕ್ ಪರ್ಮಿಟ್‌ಗೆ ತಿಂಗಳಿಗೆ 13,000 ಕ್ರೋನಾ ಸಂಬಳ ಇದ್ರೆ ಸಾಕಿತ್ತು, 2023ರ ನವೆಂಬರಿಂದ ಅದನ್ನ 27,360 ಮಾಡಿದ್ರು. ಭಾವನಿಗೆ ತೊಂದ್ರೆ ಇಲ್ಲ, ಆದ್ರೆ ಅವರ ಕ್ಯಾಂಟೀನಲ್ಲಿ ಕೆಲಸ ಮಾಡ್ತಿದ್ದ ಹಾಸನದ ಹುಡುಗ ಗಂಟುಮೂಟೆ ಕಟ್ಟಿದ. ವಲಸಿಗರ ವಿಡಿಯೋ ಕಳಿಸೋ ನಮ್ಮ ಜನ ಇದನ್ನ ಯೋಚನೆ ಮಾಡಲ್ಲ, ಆ ಊರಲ್ಲಿ ನಾವೂ ವಲಸಿಗರೇ.

ನಾನು ವಾಪಸ್ ಬಂದು ಎಂಟು ತಿಂಗಳಾಗಿತ್ತು. 2025ರ ಫೆಬ್ರವರಿ 4ಕ್ಕೆ ಎರೆಬ್ರೊ ಅನ್ನೋ ಊರಲ್ಲಿ ವಯಸ್ಕರ ಶಿಕ್ಷಣದ ಶಾಲೆಗೆ ಒಬ್ಬ ನುಗ್ಗಿ 10 ಜನರನ್ನ ಗುಂಡಿಟ್ಟು ಕೊಂದ, ಆಮೇಲೆ ತಾನೂ ಸತ್ತ. ಅವನು 35 ವರ್ಷದ ಸ್ವೀಡಿಷ್ ಮನುಷ್ಯ. ಹೊಸದಾಗಿ ಬಂದೋರು ಸ್ವೀಡಿಷ್ ಕಲಿಯೋಕೆ ಹೋಗೋ ಶಾಲೆ ಅದು. ನೆಂಟರ ಗ್ರೂಪಲ್ಲಿ ಈ ವಿಡಿಯೋ ಯಾರೂ ಹಾಕ್ಲಿಲ್ಲ. ನಾನೇ ಅಕ್ಕನಿಗೆ ಫೋನ್ ಮಾಡಿದೆ, ಯಾಕಂದ್ರೆ ಅಳಿಯನ ಆ ಫ್ರೆಂಡಿನ ಅಮ್ಮನೂ ಮಾಲ್ಮೋದಲ್ಲಿ ಅಂಥದೇ ಕ್ಲಾಸಿಗೆ ಹೋಗ್ತಿದ್ದದ್ದು ನೆನಪಿತ್ತು. ಮಾರನೇ ದಿನ ಬೆಳಗ್ಗೆ ಹೋಗೋದೋ ಬೇಡ್ವೋ ಅಂತ ಬಾಗಿಲಲ್ಲಿ ನಿಂತಿದ್ರಂತೆ. ಅಕ್ಕ ಆಫೀಸಿಗೆ ಲೇಟಾಗುತ್ತೆ ಅಂತ ಮೆಸೇಜ್ ಹಾಕಿ, ಟ್ರೈನಲ್ಲಿ ಜೊತೆಗೆ ಹೋಗಿ, ಕ್ಲಾಸ್ ಮುಗಿಯೋ ತನಕ ಕಾರಿಡಾರ್ ಬೆಂಚ್ ಮೇಲೆ ಕೂತಿದ್ಳಂತೆ.