ಹಳೇ ಗೇಮು, ಹೊಸ ಅಂಗಡಿ

ಏಜ್ ಆಫ್ ಎಂಪೈರ್ಸ್ 2 ಕೊನೆಗೂ ದುಡ್ಡು ಕೊಟ್ಟು ತಗೊಂಡೆ. 1999ರ ಗೇಮು, 2019ರಲ್ಲಿ ಸುಣ್ಣಬಣ್ಣ ಹೊಡೆದು ಮತ್ತೆ ಬಿಟ್ಟಿದ್ದಾರೆ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮು ಅಂಗಡಿಯಲ್ಲಿ ಸಿಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳಿಂದ ಸೀಡಿ ತರುತ್ತಿದ್ದ ಕಾಲದಲ್ಲಿ ಎಷ್ಟು ಗೋಳು! ಗೀರು ಬಿದ್ದ ಸೀಡಿಯನ್ನು ಅಂಗಿ ತುದಿಯಲ್ಲಿ ಒರೆಸಿ, ಉಫ್ ಅಂತ ಊದಿ ಮತ್ತೆ ತುರುಕಬೇಕಿತ್ತು. ಡ್ರೈವ್ ಗುರ್ ಅಂತ ತಿರುಗಿ, ಇನ್‌ಸ್ಟಾಲ್ ಇನ್ನೇನು ಮುಗಿಯಿತು ಅನ್ನುವಾಗ ಎರರ್ ಬರುತ್ತಿತ್ತು.

ಈಗ ಆ ರಗಳೆ ಇಲ್ಲ. ಪೋಲೆಂಡಿನ ಜಿಒಜಿಯಂತೂ 2008ರಲ್ಲಿ ಆನ್‌ಲೈನ್ ಅಂಗಡಿ ತೆರೆದಿದ್ದೇ ಹಳೇ ಗೇಮು ಮಾರೋಕೆ. ಹಳೇ ಪೀಸಿಗಳ ಡಾಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ಗೆ ಮಾಡಿದ ಎಷ್ಟೋ ಗೇಮುಗಳ ಜೊತೆ ಡಾಸ್‌ಬಾಕ್ಸ್ ಅನ್ನೋ ಸಾಫ್ಟ್‌ವೇರನ್ನೂ ಸೇರಿಸಿ ಕೊಡುತ್ತಾರೆ. ಅದು ಈಗಿನ ಲ್ಯಾಪ್‌ಟಾಪ್ ಒಳಗೇ ಹಳೇ ಪೀಸಿಯ ನಾಟಕ ಆಡುತ್ತದೆ. ಗೇಮು ಪಾಪ, ನಂಬಿಬಿಡುತ್ತದೆ. ಇನ್‌ಸ್ಟಾಲರ್ ಇಳಿಸಿ ಇಟ್ಟುಕೊಂಡರೆ ಆಮೇಲೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ನನಗೆ ಇದೇ ಜಾಸ್ತಿ ಇಷ್ಟ. ದುಡ್ಡು ಕೊಟ್ಟ ಮೇಲೆ ವಸ್ತು ನಮ್ಮ ಕೈಲಿರಬೇಕು, ಅಲ್ವಾ?

ಸೇಲ್ ಬಂದಾಗಲೆಲ್ಲ ಸುಮ್ನೆ ಕೊಂಡು ಗುಡ್ಡೆ ಹಾಕೋದೂ ಇದೆ, ಅದು ಬೇರೆ ಮಾತು. ಬೆಳಗ್ಗೆ ಎದ್ದು ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗಬೇಕು. ರಾತ್ರಿ ಹನ್ನೊಂದೂವರೆಯಾದರೂ ಗೇಮಿನ ಹಳ್ಳಿಯವರ ಕೈಲಿ ಮರ ಕಡಿಸುತ್ತಾ ಕೂತಿದ್ದೇನೆ.