50 ಮೈಕ್ರೋಗ್ರಾಂ ಹುರುಪು

ಅಮ್ಮ ಇವತ್ತು ಬೆಳಗಾಗುತ್ತಲೇ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿಕೊಂಡು, ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದಾಳೆ. ಯಾರೂ ಹೇಳಿಲ್ಲ. ಹಬ್ಬವೂ ಇಲ್ಲ.

ಹೋದ ವರ್ಷ ಇದೇ ಅಮ್ಮನಿಗೆ ಒಂದು ಲೋಟ ತೊಳೆಯುವುದೂ ಬೆಟ್ಟ ಹತ್ತಿದ ಹಾಗಾಗುತ್ತಿತ್ತು. "ವಯಸ್ಸಾಯ್ತಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ" ಅಂತ ಬಂದವರೆಲ್ಲ ಹೇಳಿ ಹೋದರು. ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ಜಾಸ್ತಿ. ಅಂದ್ರೆ, ಥೈರಾಯ್ಡ್ ಮಂದವಾಗಿದೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಈ ಟಿಎಸ್‌ಎಚ್ ಅನ್ನೋ ಹಾರ್ಮೋನ್ ಕಳಿಸಿ ಅದಕ್ಕೆ "ಏಳು, ಕೆಲಸ ಮಾಡು" ಅಂತ ಕೂಗುತ್ತಲೇ ಇದೆ.

ಈಗ ದಿನಾ ಖಾಲಿ ಹೊಟ್ಟೆಗೆ 50 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ, ಅಂದ್ರೆ ಥೈರಾಯ್ಡ್ ತಾನೇ ಮಾಡಬೇಕಿದ್ದ ಹಾರ್ಮೋನ್. ಆಮೇಲೆ ಅರ್ಧ ಮುಕ್ಕಾಲು ಗಂಟೆ ಕಾಫಿ ಇಲ್ಲ. ಕಾಯಿಲೆಗಿಂತ ಅದೇ ಅವಳಿಗೆ ದೊಡ್ಡ ಶಿಕ್ಷೆ.

ಒಂದು ಗ್ರಾಂ ಔಷಧವನ್ನು 20,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಇದು. ಇಷ್ಟು ಕಡಿಮೆ ಬಿದ್ದರೆ ಸಾಕು, ಮನುಷ್ಯ ಸೋಮಾರಿ ಅನ್ನಿಸಿಕೊಳ್ಳುತ್ತಾನೆ!

ಎಲ್ಲಾ ಬೇಸರಕ್ಕೂ ಥೈರಾಯ್ಡೇ ಕಾರಣ ಅಂತಲ್ಲ ಮತ್ತೆ. ಸುಮ್ನೆ ಮಾತ್ರೆ ನುಂಗೋಕೆ ಹೋಗಬೇಡಿ. ಆದರೂ ಛಲ, ಹುಮ್ಮಸ್ಸು ಅಂತ ನಾವು ಬೆನ್ನು ತಟ್ಟಿಕೊಳ್ಳುತ್ತೇವಲ್ಲ, ಅದರಲ್ಲಿ ನಮ್ಮದೆಷ್ಟು, ಕತ್ತಿನಲ್ಲಿರುವ ಆ ಪುಟ್ಟ ಗ್ರಂಥಿಯದೆಷ್ಟು?